ಸಾವಿನ ರಜೆ ಎಷ್ಟು ದಿನ: ವಿನಿಪೆಗ್‌ನ ಒಂದು ಆಪ್ತಸಲಹೆ ಪ್ರಕರಣ

"ನಿಯಮದಲ್ಲಿ ಏನಿದೆಯೋ ಅಷ್ಟೇ ಮಾಡಿದೆ. ಆದರೂ ನನ್ನ ತಂಡದವರು ನನ್ನ ಮುಖ ನೋಡಿ ಮಾತಾಡ್ತಿಲ್ಲ. ರಜೆ ಕೊಡದಿದ್ದದ್ದು ತಪ್ಪಾ?"

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಇಷ್ಟೇ. ಮೈಸೂರಿನಲ್ಲಿ ಸಮಾಜಕಾರ್ಯ ಓದಿ ಕೆನಡಾಕ್ಕೆ ವಲಸೆ ಬಂದ ಕನ್ನಡತಿ. ವಿನಿಪೆಗ್ ನಗರದಲ್ಲಿ ಮನೆಯಿಲ್ಲದವರ ನಡುವೆ ಕೆಲಸ ಮಾಡುವ ಒಂದು ಸಂಸ್ಥೆಯ ಔಟ್‌ರೀಚ್ ತಂಡಕ್ಕೆ, ಅಂದರೆ ಬೀದಿಗೇ ಹೋಗಿ ನೆರವು ಕೊಡುವ ತಂಡಕ್ಕೆ, ಮ್ಯಾನೇಜರ್. ಗುರುತು ಸಿಗಬಾರದೆಂದು ಹಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಲು ಕೊಟ್ಟು, ಒಪ್ಪಿಗೆ ಪಡೆದಿದ್ದೇನೆ.

ವಿನಿಪೆಗ್ 1871ರಲ್ಲಿ ಬ್ರಿಟಿಷ್ ಪ್ರಭುತ್ವಕ್ಕೂ ಮೂಲನಿವಾಸಿಗಳಿಗೂ ನಡುವೆ ಸಹಿಯಾದ ಒಂದನೇ ಒಪ್ಪಂದದ ನೆಲ, ಮೂಲನಿವಾಸಿ ಮತ್ತು ಯೂರೋಪಿಯನ್ ಬೇರುಗಳೆರಡೂ ಇರುವ ಮೆಟಿ ಜನರ ತಾಯ್ನಾಡು. 2021ರ ಜನಗಣತಿಯಂತೆ ನಗರ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಮೂಲನಿವಾಸಿಗಳಿದ್ದಾರೆ. ಕೆನಡಾದ ಬೇರಾವ ನಗರದಲ್ಲೂ ಇಷ್ಟು ಮೂಲನಿವಾಸಿಗಳಿಲ್ಲ. ಊರಿನ ಜನಸಂಖ್ಯೆಯಲ್ಲಿ ಅವರು ಎಂಟರಲ್ಲೊಂದು ಪಾಲು. ಬೀದಿಯಲ್ಲೂ ರಾತ್ರಿ ತಂಗುವ ಶೆಲ್ಟರ್‌ಗಳಲ್ಲೂ ಇರುವವರನ್ನು ಎಣಿಸಿದಾಗ ಮೂರರಲ್ಲಿ ಎರಡು ಪಾಲಿಗೂ ಮಿಗಿಲು. ಹಾಗಾಗಿ ಇಂಥ ತಂಡಗಳಲ್ಲಿ ಕ್ರೀ, ಅನಿಶಿನಾಬೆ, ಮೆಟಿ ಮೂಲನಿವಾಸಿ ಕೆಲಸಗಾರರೇ ಹೆಚ್ಚು. ಅವರಲ್ಲಿ ಕೆಲವರು ತಾವೂ ಒಂದು ಕಾಲದಲ್ಲಿ ಊರಿನ ಮೇನ್ ಸ್ಟ್ರೀಟ್ ಬೀದಿಯಲ್ಲಿ ರಾತ್ರಿ ಕಳೆದವರು.

ಜನವರಿಯಲ್ಲಿ ನದಿದಂಡೆಯ ಟೆಂಟ್‌ನಲ್ಲಿದ್ದ ಒಬ್ಬರು ತೀರಿಕೊಂಡರು. ತಂಡದ ಕ್ರೀ ಕೆಲಸಗಾರ್ತಿಯೊಬ್ಬರಿಗೆ ಅವರು ಅಣ್ಣನಂತೆ. ಇಬ್ಬರನ್ನೂ ಚಿಕ್ಕಂದಿನಲ್ಲೇ ಮನೆಯವರಿಂದ ಬಿಡಿಸಿ ಒಂದೇ ಸಾಕುಮನೆಗೆ ಹಾಕಿದ್ದರು. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಸರ್ಕಾರದ ಪಾಲನೆಯಲ್ಲಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಮೂಲನಿವಾಸಿಗಳೇ ಎಂಬುದು ಗೊತ್ತಿದ್ದರೆ ಈ ಅಣ್ಣತಂಗಿತನ ಎಷ್ಟು ಸಾಮಾನ್ಯ ಎಂದು ತಿಳಿಯುತ್ತದೆ. ದೇಹವನ್ನು ವಿಮಾನದಲ್ಲಿ ಉತ್ತರದ ಹಳ್ಳಿಗೆ ಒಯ್ಯಬೇಕಿತ್ತು. ಆ ಕಡೆಯ ಹಲವು ಊರುಗಳಿಗೆ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲ. ವಿಮಾನ, ಇಲ್ಲವೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲಿನ ದಾರಿ. ಆಕೆ ಒಂದು ವಾರ ರಜೆ ಕೇಳಿದರು. ಸಂಸ್ಥೆಯ ಕೈಪಿಡಿಯಲ್ಲಿ ಸಾವಿನ ರಜೆ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. ಮೇಲಾಗಿ ಆ ವರ್ಷದ ರಜೆಯನ್ನೆಲ್ಲ ಆಕೆ ಬೇರೆ ಸಾವುಗಳಿಗೇ ಬಳಸಿ ಮುಗಿಸಿದ್ದರು. ಮ್ಯಾನೇಜರ್ ಸೌಜನ್ಯದ ಇಮೇಲ್‌ನಲ್ಲಿ ಆಗುವುದಿಲ್ಲ ಎಂದರು. ಆಕೆ ಹೋದರು. ಹಿಂದಿರುಗಿದಾಗ ಎಚ್ಚರಿಕೆ ಪತ್ರ ಕಾದಿತ್ತು. ಆಮೇಲೆ ತಂಡದ ಇನ್ನೊಬ್ಬರು ಯಾವ ಕಾರಣವನ್ನೂ ಹೇಳದೆ ಕೆಲಸ ಬಿಟ್ಟರು.

ಈ ಒಂದು ಘಟನೆಯ ಹಿಂದೆ ಇನ್ನೂ ಹಲವು ಇದ್ದವು. ಕಳೆದ ಕೆಲವು ತಿಂಗಳಿಂದ ಮ್ಯಾನೇಜರ್ ಎಲ್ಲವನ್ನೂ ಬಿಗಿ ಮಾಡುತ್ತ ಬಂದಿದ್ದರು. ಯಾರನ್ನೇ ಭೇಟಿಯಾದರೂ ಅದೇ ದಿನ ಪೂರ್ತಿ ಫಾರ್ಮ್ ತುಂಬಬೇಕು. ಮೂರು ಸಲ ಹೇಳಿದ ಜಾಗಕ್ಕೆ ಬಾರದವರ ಕಡತ ಮುಚ್ಚಬೇಕು. ವ್ಯಾನ್ ಎಲ್ಲಿದೆ ಎಂದು ಗಂಟೆಗೊಮ್ಮೆ ಸಂದೇಶ ಬರಬೇಕು. ರಾತ್ರಿ ಉಷ್ಣಾಂಶ ಮೈನಸ್ 30 ದಾಟಿತೆಂದರೆ ಅವರಿಗೆ ನಿದ್ದೆಯಿಲ್ಲ. ಹಾಸಿಗೆಯಲ್ಲೇ ಫೋನ್ ಹಿಡಿದು, ಯಾವ ಬಸ್ ತಂಗುದಾಣದಲ್ಲಿ ಯಾರಿದ್ದಾರೆ ಎಂದು ಮನಸ್ಸಿನಲ್ಲೇ ಎಣಿಸುತ್ತ ಬೆಳಗು ಮಾಡುತ್ತಿದ್ದರು. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ನಿದ್ದೆ ಮತ್ತು ಎದೆಬಡಿತದ ತೊಂದರೆಗೆ ಕುಟುಂಬ ವೈದ್ಯರನ್ನು ಕಾಣಲು ಹೇಳಿದೆ, ಕಂಡರು.

ಅವರ ಈ ಹೆದರಿಕೆಗೆ ಕಾರಣ ಇತ್ತು. ನಾಲ್ವರು ಮೂಲನಿವಾಸಿ ಮಹಿಳೆಯರನ್ನು ಕೊಂದವನಿಗೆ 2024ರ ಆಗಸ್ಟ್‌ನಲ್ಲಿ ವಿನಿಪೆಗ್ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು. ಮನೆಯಿಲ್ಲದವರ ಶೆಲ್ಟರ್‌ಗಳ ಸುತ್ತಲೇ ಅವನು ತನ್ನ ಬಲಿಗಳನ್ನು ಹುಡುಕಿದ್ದ. ಅವರಲ್ಲಿ ಇಬ್ಬರ ಅವಶೇಷಗಳನ್ನು ಹೊರಗೆ ತರಲು ಪ್ರೇರಿ ಗ್ರೀನ್ ಕಸದ ರಾಶಿಯನ್ನು ಹುಡುಕಿಸಬೇಕೆಂದು ಮನೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು. 2025ರಲ್ಲಿ ಅವು ಸಿಕ್ಕವು. ಅದೇ ಬೀದಿಗಳಿಗೆ ದಿನವೂ ಕೆಲಸಗಾರರನ್ನು ಕಳಿಸುವವರಿಗೆ ಎಲ್ಲರೂ ಸದಾ ಕಣ್ಣಳತೆಯಲ್ಲಿರಲಿ ಎನಿಸುವುದು ಸಹಜ. ಆದರೆ ಆ ಕಾವಲು ಕಾಗದದ ರೂಪ ತಾಳಿತ್ತು, ಕಾಗದದ ಭಾರ ದುಃಖದಲ್ಲಿದ್ದವರ ಮೇಲೇ ಬಿದ್ದಿತ್ತು.

ಅವರ ಪ್ರಶ್ನೆಗೆ ನಾನು ತಪ್ಪು, ಸರಿ ಎಂದು ತೀರ್ಪು ಕೊಡಲಿಲ್ಲ. ನಿಮ್ಮೂರಿನಲ್ಲಿ ಸಾವಾದ ಮನೆಯನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದೆ. "ಸೂತಕ ಕಳೆಯೋವರೆಗೆ ಆ ಮನೆಯವರನ್ನ ಯಾರೂ ಕೆಲಸಕ್ಕೆ ಕರೆಯಲ್ಲ. ಅಕ್ಕಪಕ್ಕದವರೇ ಅಡುಗೆ ಮಾಡಿ ತಂದುಕೊಡ್ತಾರೆ" ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ರೀ ಜನರಲ್ಲಿ ಸಾವಾದಾಗ ನಾಲ್ಕು ದಿನ ಬೆಂಕಿ ಆರದ ಹಾಗೆ ಕಾಯ್ತಾರಂತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಮೇಲ್ ಬರೆದೆ" ಎಂದರು.

ಅಲ್ಲಿಂದ ಮುಂದೆ ನಾವು ಬಹುಪಾಲು ರಜೆಯ ಬಗ್ಗೆಯೇ ಮಾತಾಡಿದೆವು. ಮೊದಲು ಕಾನೂನನ್ನು ಓದಿ ಎಂದೆ. ಮ್ಯಾನಿಟೋಬಾ ಪ್ರಾಂತ್ಯದ ಕಾರ್ಮಿಕ ನಿಯಮದಲ್ಲಿ ಸಾವಿನ ರಜೆ ಮೂರು ದಿನ, ಸಂಬಳವಿಲ್ಲದ್ದು. ದಿನ ಕಡಿಮೆಯಾದರೂ ಅಲ್ಲಿ ಕುಟುಂಬ ಯಾರು ಎಂಬುದನ್ನು ಬಹಳ ಅಗಲವಾಗಿ ಬರೆದಿದ್ದಾರೆ: ರಕ್ತಸಂಬಂಧವಿಲ್ಲದಿದ್ದರೂ, ಕೆಲಸಗಾರರು ಹತ್ತಿರದ ನೆಂಟರಂತೆ ಕಾಣುವವರೂ ಅದರೊಳಗೆ ಬರುತ್ತಾರೆ. ಅಂದರೆ ಸಂಸ್ಥೆಯ ಕೈಪಿಡಿ ಕಾನೂನಿಗಿಂತ ಕಿರಿದಾಗಿತ್ತು. ನಾನು ವಕೀಲೆಯಲ್ಲ, ಎಚ್‌ಆರ್ ಜೊತೆ ಕೂತು ಸಾಲುಸಾಲಾಗಿ ಓದಿ, ಎಚ್ಚರಿಕೆ ಪತ್ರವನ್ನು ಹಿಂದೆ ಪಡೆಯಲು ಅದೇ ಆಧಾರವಾಗುತ್ತದೆ ಎಂದೆ. ಆಮೇಲೆ ಮೂರು ದಿನ ಸಾಲದು ಎಂಬ ಮಾತನ್ನು ಆಡಳಿತ ಮಂಡಳಿಯ ಮುಂದೆ ನೀವೇ ಇಡಿ. ಅದನ್ನು ಕೇಳಲು ತಂಡದವರನ್ನು ಕಳಿಸಬೇಡಿ. ತಮ್ಮ ಸತ್ತವರು ಎಷ್ಟು ಮುಖ್ಯ ಎಂದು ಅವರೇ ಮತ್ತೆ ಮತ್ತೆ ವಿವರಿಸುವಂತೆ ಮಾಡುವುದು ಇನ್ನೊಂದು ನೋವು. ಉತ್ತರಕ್ಕೆ ಹೋಗಿ ಬರುವ ಪ್ರಯಾಣದ ದಿನಗಳನ್ನು ಬೇರೆಯಾಗಿ ಲೆಕ್ಕ ಹಿಡಿಯಲಿ, ಬಜೆಟ್‌ನಲ್ಲಿ ಬದಲಿ ಕೆಲಸಗಾರರಿಗೆ ಒಂದು ಮೊತ್ತ ಇರಲಿ, ಸತ್ತವರು ತಂಡದ ಸೇವೆಯಲ್ಲಿದ್ದವರಾದರೆ ಅಂತ್ಯಕ್ರಿಯೆಗೆ ಹೋಗುವುದನ್ನು ಕೆಲಸದ ವೇಳೆಯೆಂದೇ ಬರೆಯಿರಿ. ಈ ಕೊನೆಯದಕ್ಕೆ ಅವರು ಬೆಚ್ಚಿದರು, ಹಣ ಕೊಡುವವರು ಒಪ್ಪುವುದಿಲ್ಲ ಎಂದರು. ಹತ್ತು ವರ್ಷ ಒಬ್ಬ ಮನುಷ್ಯನಿಗೆ ಸಾಕ್ಸ್, ಬಿಸಿ ಸೂಪ್, ಮಾದಕವಸ್ತು ಅತಿಯಾದಾಗ ಜೀವ ಉಳಿಸುವ ನಲಾಕ್ಸೋನ್ ಔಷಧ ಒಯ್ದುಕೊಟ್ಟವರು ಅವನ ಮಣ್ಣಿಗೆ ಹೋಗುವುದು ಆ ಕೆಲಸದ ಭಾಗವಲ್ಲದಿದ್ದರೆ ಇನ್ಯಾವುದು ಎಂದು ನಾನು ಕೇಳಿದೆ. ಇಲ್ಲಿ ನಾನು ತಟಸ್ಥಳಾಗಿರಲಿಲ್ಲ, ಇರಬೇಕೆಂದೂ ಅನಿಸಲಿಲ್ಲ.

ಆ ಕೆಲಸಗಾರ್ತಿಯ ಕ್ಷಮೆ ಕೇಳುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಎಲ್ಲರೆದುರು ದೊಡ್ಡ ಮಾತಿನಲ್ಲಿ ಬೇಡ ಎಂದೆ. ಪತ್ರ ಹಿಂತೆಗೆದುಕೊಂಡ ಕಾಗದವನ್ನು ಕೈಗೆ ಕೊಟ್ಟು, ನಾನು ಮಾಡಿದ್ದರಿಂದ ನಿಮಗೆ ನೋವಾಗಿದೆ ಎಂದು ಹೇಳಿ, ನಿಲ್ಲಿಸಿ. ಆಕೆ ಸಮಾಧಾನ ಹೇಳಬೇಕೆಂದು ಕಾಯಬೇಡಿ. ಮುಂದಿನ ಸಲ ಸಾವಾದಾಗ ಏನು ಮಾಡಬೇಕೆಂದು ತಂಡದ ಜೊತೆ ಬರುವ ಸಮುದಾಯದ ಹಿರಿಯಜ್ಜಿಯನ್ನು ಕೇಳಿ. ಹಿರಿಯರನ್ನು ಕೇಳುವಾಗ ಗೌರವಕ್ಕೆ ತಂಬಾಕು ಅರ್ಪಿಸುವ ರೀತಿ ಮ್ಯಾನೇಜರ್‌ಗೆ ಗೊತ್ತಿತ್ತು. ಹಿರಿಯರ ಸಮಯಕ್ಕೆ ಗೌರವಧನ ಇಡುವುದು ಮಾತ್ರ ಬಜೆಟ್‌ನಲ್ಲಿ ಎಂದೂ ಸೇರಿರಲಿಲ್ಲ. ಅಂತ್ಯಕ್ರಿಯೆಗೆ ತಾನೂ ಹೋಗಬಹುದೇ ಎಂಬುದಕ್ಕೆ, ಕರೆದರೆ ಹೋಗಿ, ಹೋದಲ್ಲಿ ಅಡುಗೆಮನೆಯಲ್ಲಿ ಕೈಜೋಡಿಸಿ ಎಂದೆ.

ಫಾರ್ಮ್‌ಗಳ ವಿಷಯ. ಕೆನಡಾದಲ್ಲಿ ಬಹಳ ವರ್ಷ ಅಂಕ ಕೊಟ್ಟು ಮನೆಗೆ ಸರದಿ ಹಚ್ಚುವ ಪ್ರಶ್ನಾವಳಿಗಳು ನಡೆದವು. ಮೊದಲ ಭೇಟಿಯಲ್ಲೇ ನಿಮ್ಮ ಮೇಲೆ ಹಲ್ಲೆಯಾಗಿದೆಯೇ, ನಶೆ ಮಾಡುತ್ತೀರಾ, ಕೊನೆಯ ಖಾಯಂ ವಿಳಾಸ ಯಾವುದು ಎಂದು ಕೇಳುವಂಥವು. ವಿಳಾಸದ ಪ್ರಶ್ನೆಯನ್ನೇ ನೋಡಿ. 2011ರ ಪ್ರವಾಹದಲ್ಲಿ ಲೇಕ್ ಸೇಂಟ್ ಮಾರ್ಟಿನ್ ಎಂಬ ಮೂಲನಿವಾಸಿ ಸಮುದಾಯದವರನ್ನು ಊರು ಬಿಡಿಸಿದರು. ಎಷ್ಟೋ ಮಂದಿ ವಿನಿಪೆಗ್‌ನ ಹೋಟೆಲ್ ಕೋಣೆಗಳಲ್ಲಿ ವರ್ಷಗಟ್ಟಲೆ ಕಳೆದರು. ಅವರು ಯಾವ ವಿಳಾಸ ಬರೆಯಬೇಕು? ತಾಯಂದಿರಿಗೆ ಬೇರೆಯದೇ ಭಯ: ಹೇಳಿದ್ದು ಮಕ್ಕಳ ಇಲಾಖೆಗೆ ತಲುಪಿದರೆ ಮಗುವನ್ನು ಒಯ್ಯುತ್ತಾರೆ. ಈ ತಾಯಿಗೆ ಹೆರಿಗೆಯಾದರೆ ತಿಳಿಸಿ ಎಂದು ಆ ಇಲಾಖೆ ಮೊದಲೇ ಆಸ್ಪತ್ರೆಗೆ ಸೂಚನೆ ಕಳಿಸುವ ಪದ್ಧತಿಯನ್ನು ಮ್ಯಾನಿಟೋಬಾ ನಿಲ್ಲಿಸಿದ್ದು 2020ರ ಜುಲೈನಲ್ಲಿ. ಭಯ ಅಷ್ಟು ಬೇಗ ನಿಲ್ಲುವುದಿಲ್ಲ.

ಮೆಟಿ-ಕ್ರೀ ವಿದ್ವಾಂಸ, ತಾವೇ ಬೀದಿಯಲ್ಲಿ ಬದುಕಿದ್ದ ಜೆಸ್ಸಿ ಥಿಸಲ್ 2017ರಲ್ಲಿ ರೂಪಿಸಿದ ವ್ಯಾಖ್ಯಾನದಲ್ಲಿ ಮೂಲನಿವಾಸಿಗಳ ಮನೆಯಿಲ್ಲದಿರುವಿಕೆಗೆ 12 ಮುಖಗಳಿವೆ. ನೆಲದಿಂದ, ನೆಂಟರಿಂದ, ಭಾಷೆಯಿಂದ, ಆಚರಣೆಯಿಂದ ದೂರವಾದದ್ದೂ ಅದರಲ್ಲಿ ಸೇರಿದೆ. ಹಳ್ಳಿಗೂ ನಗರಕ್ಕೂ ನಡುವೆ ಹೋಗಿಬರುವ ಅಲೆದಾಟವೂ. ಇವರ ಕಚೇರಿಯ ಗೋಡೆಯ ಮೇಲೆ ಆ ಪಟ್ಟಿ ಅಂಟಿಸಿತ್ತು. ಆದರೂ ಮೂರು ಸಲ ಬಾರದವರ ಕಡತ ಮುಚ್ಚುತ್ತಿತ್ತು. ಮದುವೆಗೋ ಮಣ್ಣಿಗೋ ಬೇಟೆಗೋ ಊರಿಗೆ ಹೋದವರು ತಿಂಗಳು ಬಿಟ್ಟು ಬಂದಾಗ ಮತ್ತೆ ಮೊದಲ ಪ್ರಶ್ನೆಯಿಂದ ಶುರು. ಕಡತ ಮುಚ್ಚುವುದನ್ನು ನಿಲ್ಲಿಸಿ, ಸದ್ಯ ಊರಲ್ಲಿಲ್ಲ ಎಂದು ಬರೆದಿಡಿ ಎಂದೆ. ಮೊದಲ ಭೇಟಿಗೆ ಫಾರ್ಮ್ ಬೇಡ, ಚಹಾ ಮತ್ತು ಬ್ಯಾನಕ್ ರೊಟ್ಟಿ ಸಾಕು. ಹಣ ಕೊಡುವವರಿಗೆ ಸಂಖ್ಯೆ ಬೇಕೇ ಬೇಕೆಂದರೆ ಅದನ್ನು ಒದಗಿಸುವ ಹೊರೆಯನ್ನು ಮ್ಯಾನೇಜರ್ ಹೊರಲಿ: ತಂಡದವರು ಬಾಯಲ್ಲಿ ಹೇಳಿದ್ದನ್ನು ವಾರದ ಕೊನೆಗೆ ನೀವು ಕೂತು ತುಂಬಿ. ಯಾರ ಮಾಹಿತಿ, ಅದು ಯಾರ ಬಳಿ ಉಳಿಯಬೇಕು, ಯಾರು ನೋಡಬಹುದು ಎಂಬುದನ್ನು ಆ ಸಮುದಾಯಗಳೇ ನಿರ್ಧರಿಸಬೇಕೆಂಬ ತತ್ವವನ್ನು ಇಲ್ಲಿನ ಪ್ರಥಮ ರಾಷ್ಟ್ರಗಳು, ಅಂದರೆ ಕ್ರೀ, ಅನಿಶಿನಾಬೆಯಂಥ ಮೂಲನಿವಾಸಿ ಸಮುದಾಯಗಳು, ಎಂದೋ ರೂಪಿಸಿಕೊಂಡಿವೆ. ಹಣ ಕೊಡುವವರ ಜೊತೆ ಮಾತಾಡುವಾಗ ಅದನ್ನೇ ಮುಂದಿಡಬಹುದು.

ಮೂರ್ನಾಲ್ಕು ಭೇಟಿಗಳ ನಂತರ ಇನ್ನೊಂದು ವಿಷಯ ಹೊರಬಂತು. ಅವರ ಮೊದಲ ನೌಕರಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಲ್ಲಿ. ಜೇನುಕುರುಬರ ಮಕ್ಕಳನ್ನು ಆಶ್ರಮ ಶಾಲೆಗೆ ಸೇರಿಸುವುದು, ಓಡಿಹೋದವರನ್ನು ಹುಡುಕಿ ಜೀಪಿನಲ್ಲಿ ವಾಪಸ್ ತರುವುದು. ವಿನಿಪೆಗ್‌ಗೆ ಬಂದ ಮೇಲೆ, ಕೆನಡಾದ ಮೂಲನಿವಾಸಿ ಮಕ್ಕಳ ವಸತಿಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ರಾಜಿ ಆಯೋಗದ 2015ರ ವರದಿ ಓದಿದರು. ಸುಮಾರು 1,50,000 ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದದ್ದು, ತಾಯಿನುಡಿ ಆಡಿದ್ದಕ್ಕೆ ಹೊಡೆದದ್ದು, ಕೊನೆಯ ಶಾಲೆಗಳು 1990ರ ದಶಕದವರೆಗೂ ನಡೆದದ್ದು. ಅಂದಿನಿಂದ ಜೀಪಿನ ಹಿಂದಿನ ಸೀಟಿನಲ್ಲಿದ್ದ ಹುಡುಗನೊಬ್ಬ ಕಣ್ಣೆದುರು ಬರುತ್ತಿದ್ದ. ಒಮ್ಮೆ ತಂಡದ ಸಭೆಯಲ್ಲಿ "ನಮ್ಮ ದೇಶದಲ್ಲೂ ಹೀಗೇ" ಎಂದು ಹೇಳಹೊರಟರು. ಹಿರಿಯಜ್ಜಿ ಕೇಳಿಸಿಕೊಂಡು ಸುಮ್ಮನಾದರಂತೆ.

ಎರಡೂ ಒಂದೇ ಎಂದು ನಾನು ಹೇಳಲಿಲ್ಲ. ಇಲ್ಲಿನ ಶಾಲೆಗಳನ್ನು ಕಾನೂನಿನಿಂದ ಕಡ್ಡಾಯ ಮಾಡಿ, ಒಂದು ಜನದ ನುಡಿ ನಡೆಗಳನ್ನೇ ಅಳಿಸಲು ನಡೆಸಿದರು. ಆಶ್ರಮ ಶಾಲೆಯ ಉದ್ದೇಶ ಅದಲ್ಲ. ಆದರೆ ಜೀಪಿನಲ್ಲಿದ್ದ ಮಗುವಿನ ಅಳುವನ್ನು ಉದ್ದೇಶ ತೀರ್ಮಾನಿಸುವುದಿಲ್ಲ, ಅದು ನಿಮಗೆ ಇಷ್ಟು ವರ್ಷದ ಮೇಲೂ ಕೇಳಿಸುತ್ತಿರುವುದು ರೋಗವೂ ಅಲ್ಲ ಎಂದೆ. ಅದನ್ನು ತಂಡದ ಮುಂದೆ ಇಡಬೇಡಿ. ನಿಮ್ಮ ಪಶ್ಚಾತ್ತಾಪವನ್ನು ಹೊರುವ ಕೆಲಸ ಅವರದಲ್ಲ. ಇಲ್ಲಿಗೆ ತನ್ನಿ. ಮುಂದಿನ ಭೇಟಿಗಳಲ್ಲಿ ಅವರು ಆ ದಿನಗಳ ಬಗ್ಗೆ ಬರೆದು ತಂದು ಓದಿದರು. ಹೆಚ್ಚಿನದನ್ನು ಇಲ್ಲಿ ಹೇಳುವುದು ಬೇಡ.

ರಾತ್ರಿಯ ಫೋನಿಗೆ ಸರದಿ ಹಾಕಿಕೊಂಡರು. ಸರದಿ ಇಲ್ಲದ ರಾತ್ರಿ ಫೋನ್ ಅಡುಗೆಮನೆಯಲ್ಲಿ. ನಿದ್ದೆ ತುಸು ಸುಧಾರಿಸಿದೆ, ಪೂರ್ತಿಯಲ್ಲ. ಎಚ್ಚರಿಕೆ ಪತ್ರ ರದ್ದಾಯಿತು. ಆ ಕೆಲಸಗಾರ್ತಿ ಕೆಲವು ವಾರಗಳ ನಂತರ ಮೂಲನಿವಾಸಿಗಳೇ ನಡೆಸುವ ಬೇರೊಂದು ಸಂಸ್ಥೆಗೆ ಹೋದರು, ಹೋಗುವಾಗ ಕೈಕುಲುಕಿದರು. ಹೊಸ ರಜೆಯ ಕರಡು ಮಂಡಳಿಯ ಮುಂದಿದೆ; ಅಂತ್ಯಕ್ರಿಯೆಯನ್ನು ಕೆಲಸದ ವೇಳೆ ಎನ್ನುವುದಕ್ಕೆ ಹಣ ಕೊಡುವವರು ಒಂದು ವರ್ಷದ ಮಟ್ಟಿಗೆ ಒಪ್ಪಿದ್ದಾರೆ.

"ಹಾಗಾದರೆ ಈ ಕುರ್ಚಿ ನಾನು ಬಿಡಬೇಕಾ?" ಎಂದು ಕೊನೆಗೆ ಕೇಳಿದರು. ಈ ಚಳಿಗಾಲದಲ್ಲಿ ಬಿಡಬೇಡಿ, ಬಿಟ್ಟರೆ ತಂಡಕ್ಕೆ ಇನ್ನೊಂದು ಖಾಲಿ ಜಾಗ ಅಷ್ಟೇ ಎಂದೆ. ಉಪ ಮ್ಯಾನೇಜರ್ ಹುದ್ದೆಯೊಂದನ್ನು ಕೇಳಿ, ತಂಡದಿಂದಲೇ ಬಂದ ಮೂಲನಿವಾಸಿಯೊಬ್ಬರನ್ನು ತಕ್ಕ ಸಂಬಳಕ್ಕೆ ಅಲ್ಲಿ ಕೂರಿಸಿ, ಬಜೆಟ್ ಮತ್ತು ವರದಿಯ ಕೆಲಸವನ್ನು ಜೊತೆಯಲ್ಲೇ ಮಾಡಿ ತೋರಿಸಿ. ಬೀದಿಯ ತೀರ್ಮಾನಗಳನ್ನು ಮೊದಲ ದಿನದಿಂದಲೇ ಅವರಿಗೆ ಬಿಡಿ. ಕುರ್ಚಿ ಯಾವಾಗ ಕೈ ಬದಲಾಗಬೇಕೆಂಬುದನ್ನು ಇಬ್ಬರೂ ಕೂತು ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಆ ಹುದ್ದೆಗೆ ಅರ್ಜಿ ಕರೆದಿದ್ದಾರೆ. ನಾವು ಈಗ ತಿಂಗಳಿಗೊಮ್ಮೆ ಭೇಟಿಯಾಗುತ್ತಿದ್ದೇವೆ.