ಲಾಯದಲ್ಲಿ ಎರಡು, ಜೀನಿನ ಮೇಲೆ ಒಬ್ಬರೇ

ಹೋದ ಸಂಚಿಕೆಯಲ್ಲಿ ಈವೆಂಟಿಂಗ್ ಬಗ್ಗೆ ಪುಟ್ಟದೊಂದು ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಹೆಚ್ಚಾಗಿ ಗಡಿಯಾಚೆಯ ನಮ್ಮವರದ್ದೇ. ಎಲ್ಲರೂ ಸುತ್ತಿ ಬಳಸಿ ಕೇಳಿದ್ದು ಒಂದನ್ನೇ: ಒಬ್ಬ ರೈಡರ್ ಎಷ್ಟು ಕುದುರೆ ಇಟ್ಟುಕೊಂಡು ಸ್ಪರ್ಧೆಗೆ ಹೋಗಬಹುದು?

ಹೊಸಬರಿಗೆ ಮೊದಲು ಎರಡು ಮಾತು. ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ರೈಡರ್, ಮೂರು ಪರೀಕ್ಷೆ: ಡ್ರೆಸ್ಸಾಜ್ (ಹೇಳಿದ ಹಾಗೆ ಅಚ್ಚುಕಟ್ಟಾಗಿ ನಡೆಸೋದು), ಕ್ರಾಸ್ ಕಂಟ್ರಿ (ಬಯಲಲ್ಲಿ ಅಡ್ಡಿ ಹಾರುತ್ತಾ ದೂರ ಓಡೋದು), ಶೋ ಜಂಪಿಂಗ್ (ಅಂಗಳದಲ್ಲಿ ಕೋಲು ಬೀಳಿಸದೆ ಹಾರೋದು). ಇಲ್ಲಿ ಅಂಕ ಕಡಿಮೆ ಇದ್ದವರೇ ಗೆಲ್ಲೋದು. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಜಂಪ್ ಮುಂದೆ ಒಮ್ಮೆ ನಿಂತುಬಿಟ್ಟರೆ 20 ಪೆನಲ್ಟಿ, ನಿಗದಿ ಸಮಯ ಮೀರಿದರೆ ಸೆಕೆಂಡಿಗೆ 0.4. ಶೋ ಜಂಪಿಂಗ್‌ನಲ್ಲಿ ಒಂದು ಕೋಲು ಬಿದ್ದರೆ 4. ಇಷ್ಟು ಗೊತ್ತಿದ್ದರೆ ಸಾಕು.

ಮಗಳು ಬೆಂಗಳೂರಿನ ಹತ್ತಿರ ರೈಡಿಂಗ್ ಕಲಿಯುತ್ತಿದ್ದಾಳೆ. ರೇಸ್ ಬಿಟ್ಟ ಒಂದು ಥರೋಬ್ರೆಡ್ ಕೊಡಿಸಿದ್ದೇವೆ. ಈಗ ಕೋಚ್ ಇನ್ನೊಂದು ಕುದುರೆ ಬೇಕೇ ಬೇಕು ಅಂತಾರೆ. ನಮ್ಮ ಯಜಮಾನರು, ಇದೆಲ್ಲ ದುಡ್ಡು ಕೀಳುವ ದಾರಿ ಅಂತಾರೆ. ಯಾರ ಮಾತು ಕೇಳಲಿ?
*ಒಬ್ಬ ತಾಯಿ, ಮತ್ತಿಗಿರಿ, ಹೊಸೂರು*

ಇಬ್ಬರ ಮಾತಲ್ಲೂ ಹುರುಳಿದೆ ಅಮ್ಮ. ಕೋಚ್ ಹೇಳಿದ್ದರ ಹಿಂದಿನ ಲೆಕ್ಕ ಇಷ್ಟೇ. ಒಂದು ಕ್ರಾಸ್ ಕಂಟ್ರಿ ಮುಗಿಸಿದ ಕುದುರೆಗೆ ವಿಶ್ರಾಂತಿ ಬೇಕು, ಅದನ್ನೇ ವಾರವಾರ ಓಡಿಸಲು ಆಗೋದಿಲ್ಲ. ಆದರೆ ರೈಡರ್ ಪಳಗೋದು ಓಡಿ ಓಡಿಯೇ. ಎರಡನೇ ಕುದುರೆ ಇದ್ದರೆ ಹುಡುಗಿಗೆ ಅಭ್ಯಾಸ ಜಾಸ್ತಿ ಸಿಗುತ್ತದೆ. ಒಂದು ಕುಂಟಿದರೂ ಇಡೀ ಸೀಸನ್ ಹಾಳಾಗೋದಿಲ್ಲ. ಈವೆಂಟಿಂಗ್ ಕುದುರೆಗಳು ಕುಂಟೋದು ಮಾಮೂಲಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಈಗ ಯಜಮಾನರ ಲೆಕ್ಕ. ಸುಮಾರು 500 ಕಿಲೋ ತೂಗುವ ಕುದುರೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣ ಮೇವು ತಿನ್ನುತ್ತದೆ. ನೀರು 25ರಿಂದ 50 ಲೀಟರ್, ಬಿಸಿಲು ಕಾಲದಲ್ಲಿ ಇನ್ನೂ ಹೆಚ್ಚು. ಐದಾರು ವಾರಕ್ಕೊಮ್ಮೆ ಲಾಳ ಕಟ್ಟಿಸಬೇಕು. ಇದೆಲ್ಲ ದುಡ್ಡು ಕೊಟ್ಟರೆ ಆಗುತ್ತದೆ ಅನ್ನಿ. ಆದರೆ ಮಗಳ ಹೊತ್ತು? ಜೀನು ಹಾಕಿ, ಓಡಿಸಿ, ಬೆವರು ಆರಿಸಿ, ಕಾಲು ತಡವಿ ನೋಡಿ ಮುಗಿಸುವಷ್ಟರಲ್ಲಿ ಒಂದು ಕುದುರೆಗೆ ಒಂದೂವರೆ ತಾಸು ಎಲ್ಲಿ ಹೋಯಿತು ಅಂತಲೇ ಗೊತ್ತಾಗೋದಿಲ್ಲ, ಅದರ ಮೇಲೆ ಹೊಸೂರು ರಸ್ತೆಯ ಟ್ರಾಫಿಕ್ಕು, ಅದರ ಮೇಲೆ ಪರೀಕ್ಷೆ. ಪತ್ರದಲ್ಲಿ ನೀವು ಇದರ ಬಗ್ಗೆ ಏನೂ ಬರೆದಿಲ್ಲ.

ಈಗಲೇ ಕೊಳ್ಳಬೇಡಿ ಅನ್ನೋದು ನನ್ನ ಮಾತು. ಅದೇ ಲಾಯದಲ್ಲಿ ಬೇರೆಯವರ ಕುದುರೆ ಇದ್ದೇ ಇರುತ್ತದೆ. ಒಡೆಯರಿಗೆ ಹತ್ತಲು ಪುರುಸೊತ್ತಿಲ್ಲದ ಕುದುರೆಯನ್ನು ಒಂದು ಸೀಸನ್ ಮಟ್ಟಿಗೆ, ಖರ್ಚಿನಲ್ಲಿ ಪಾಲು ಕೊಟ್ಟು ಕೇಳಿ. ಲಾಳಕ್ಕೆ, ವೆಟ್‌ಗೆ ಯಾರು ಎಷ್ಟು ಕೊಡಬೇಕು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಾಯಿಮಾತು ಬೇಡ. ಅಂದಹಾಗೆ ನಿಮ್ಮ ಮತ್ತಿಗಿರಿಯ ಜಾನುವಾರು ಫಾರಂ ಇದೆಯಲ್ಲ, 1824ರಲ್ಲಿ ಕಂಪನಿ ಸರ್ಕಾರದವರು ಅದನ್ನು ಶುರು ಮಾಡಿದ್ದೇ ಸೈನ್ಯದ ಕುದುರೆಗಳಿಗಾಗಿ. ಕುದುರೆಗೆ ಆ ಊರಿನ ಹವೆ ಒಗ್ಗುತ್ತದೆ, ಆ ಚಿಂತೆ ಬಿಡಿ.

ಕಂಬಳದಲ್ಲಿ ಒಬ್ಬನೇ ಓಟಗಾರ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಫವಾದ್ ಮಿರ್ಜಾ ಹತ್ತಿರ ಎರಡು ಕುದುರೆ ಇತ್ತಂತೆ, ಯಾಕೆ ಒಂದನ್ನೇ ಓಡಿಸಿದ್ದು? ಎರಡನ್ನೂ ಓಡಿಸಿದ್ದರೆ ಪದಕ ಬರುತ್ತಿರಲಿಲ್ಲವಾ?
*ಕುಂಬಳೆಯ ಓದುಗರು, ಕಾಸರಗೋಡು*

ಒಲಿಂಪಿಕ್ಸ್‌ನಲ್ಲಿ ಹಾಗೆ ಬಿಡುವುದಿಲ್ಲ ಮಾರಾಯ್ರೆ. ಅಲ್ಲಿ ಒಬ್ಬ ರೈಡರ್‌ಗೆ ಒಂದೇ ಕುದುರೆ. ಬೇರೆ ಸ್ಪರ್ಧೆಗಳಲ್ಲಿ ಒಂದಕ್ಕಿಂತ ಹೆಚ್ಚು ಓಡಿಸಬಹುದು, ಓಡಿಸುತ್ತಾರೆ ಕೂಡ. ಆದರೆ ಕಂಬಳದ ಓಟ ಕೆಲವೇ ಸೆಕೆಂಡಿನದು. ಟೋಕಿಯೊದ ಕ್ರಾಸ್ ಕಂಟ್ರಿಗೆ ನಿಗದಿಯಾಗಿದ್ದ ಸಮಯವೇ 7 ನಿಮಿಷ 45 ಸೆಕೆಂಡ್.

ಬೆಂಗಳೂರಿನ ಫವಾದ್ ಮೊದಲು ದಜಾರಾ 4 ಎಂಬ ಕುದುರೆಯ ಜತೆ ಹೋಗುವುದೆಂದು ಹೇಳಿದ್ದರು. ಆಮೇಲೆ ಬದಲಾಯಿಸಿ ಸೆನ್ಯೋರ್ ಮೆಡಿಕಾಟ್ ಜತೆ ಇಳಿದರು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ಎರಡನ್ನೂ ತಂದದ್ದು ಇದೇ ಕುದುರೆ. ನಡುವೆ ಗಾಯವಾಗಿ ಬಹಳ ಕಾಲ ಸ್ಪರ್ಧೆಯಿಂದ ಹೊರಗಿತ್ತು. ಎರಡು ಕುದುರೆ ಇಟ್ಟುಕೊಳ್ಳುವುದರ ದೊಡ್ಡ ಲಾಭ ಇಲ್ಲೇ ಕಾಣೋದು. ಹಳೆಯದು ಗಾಯದಿಂದ ಎದ್ದು ಬರುವವರೆಗೆ ರೈಡರ್ ಸುಮ್ನೆ ಕೂರಬೇಕಿಲ್ಲ, ಅದನ್ನು ಅವಸರ ಮಾಡಿ ಎಬ್ಬಿಸಬೇಕಾಗಿಯೂ ಇಲ್ಲ.

ಫಲಿತಾಂಶ ಹೇಗಿತ್ತು ಅಂದರೆ, ಡ್ರೆಸ್ಸಾಜ್‌ನಲ್ಲಿ 28.00, ಒಂಬತ್ತನೇ ಜಾಗ. ಕ್ರಾಸ್ ಕಂಟ್ರಿಯಲ್ಲಿ ಒಂದು ಜಂಪ್‌ನಲ್ಲೂ ತಪ್ಪಿಲ್ಲ, ಆದರೆ 28 ಸೆಕೆಂಡ್ ತಡ. ಸೆಕೆಂಡಿಗೆ 0.4 ಹಾಕಿ ನೋಡಿ, 11.20 ಪೆನಲ್ಟಿ. ಅಲ್ಲಿಗೆ ಜಾಗ 22ಕ್ಕೆ ಇಳಿಯಿತು. ಕೊನೆಗೆ 23ನೇ ಸ್ಥಾನ. ಈವೆಂಟಿಂಗ್‌ನ ವೈಯಕ್ತಿಕ ಜಂಪಿಂಗ್ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ಅವರೇ. ಇನ್ನೊಂದು ಕುದುರೆ ತಂದಿದ್ದರೆ ಅನ್ನೋದು ನಮ್ಮಂಥವರು ಕಟ್ಟೆ ಮೇಲೆ ಕೂತು ಆಡುವ ಮಾತು. ಆಯ್ಕೆ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ.

ನಿಮ್ಮ ಕಡೆಯ ಸೆಕೆಯಲ್ಲಿ ಕುದುರೆ ಓಡಿಸಬಹುದಾ ಅಂತಲೂ ಕೇಳಿದ್ದೀರಿ. ಬೆಳಗ್ಗೆ ಬೇಗ ಓಡಿಸಿ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರೋದಿಲ್ಲ, ಮೈ ತಣಿಯೋದೂ ಇಲ್ಲ. ಓಟ ಮುಗಿದ ಕೂಡಲೇ ಮೈ ತುಂಬ ತಣ್ಣೀರು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಹಾಕಿದರೆ ನರ ಹಿಡಿಯುತ್ತದೆ ಅಂತ ಹಳಬರು ಹೇಳುತ್ತಾರೆ, ಅದನ್ನು ನಂಬಬೇಡಿ.

ಎರಡು ಕುದುರೆ ತಗೊಂಡು ಒಂದೇ ಸ್ಪರ್ಧೆಗೆ ಹೋಗಿದ್ದೆ. ಎರಡೂ ಒಂದೇ ಲಾಯದಲ್ಲಿ ಬೆಳೆದವು. ಒಂದನ್ನು ಹೊರಗೆ ತಂದರೆ ಇನ್ನೊಂದು ಒಳಗೆ ಕೂಗಿ ಕೂಗಿ ಬೆವರಿ ನೀರಾಗಿತ್ತು. ಡ್ರೆಸ್ಸಾಜ್ ಪೂರ್ತಿ ತಲೆ ಎತ್ತಿಕೊಂಡೇ ಮಾಡಿತು, ಕ್ರಾಸ್ ಕಂಟ್ರಿಯಲ್ಲಿ ಎಲಿಮಿನೇಟ್. ಅದೇ ಬೇಜಾರಲ್ಲಿ ಚೆನ್ನಾಗಿ ಓಡುತ್ತಿದ್ದ ಮೊದಲನೇ ಕುದುರೆಯ ಜಂಪಿಂಗ್ ಕೂಡ ಕೆಡಿಸಿಕೊಂಡೆ. ಮೂರನೇ ಕುದುರೆ ತರೋಣ ಅಂತಿದ್ದೆ, ಈಗ ಎರಡೂ ಬೇಡ ಅನ್ನಿಸುತ್ತಿದೆ.
*ಡೆಂಕಣಿಕೋಟೆಯ ಯುವಕ*

ತಮ್ಮಾ, ಈ ಸಲದ ಪತ್ರಗಳಲ್ಲಿ ನಿನ್ನದೇ ಅಸಲಿ ಪ್ರಶ್ನೆ. ಹೆಚ್ಚು ಕುದುರೆ ತಂದರೆ ಹೆಚ್ಚು ಅವಕಾಶ ಅಂದುಕೊಳ್ಳುತ್ತಾರೆ. ನಿಜಕ್ಕೂ ಹೆಚ್ಚಾಗೋದು ನೆಲದ ಮೇಲಿನ ಕೆಲಸ. ನೀನು ಒಂದರ ಬೆನ್ನ ಮೇಲಿರುವಾಗ ಇನ್ನೊಂದರ ಹತ್ತಿರ ಯಾರಿದ್ದರು? ಪತ್ರದಲ್ಲಿ ಸೈಸ್‌ನ, ಅಂದರೆ ಕುದುರೆ ನೋಡಿಕೊಳ್ಳುವವನ ಸುದ್ದಿಯೇ ಇಲ್ಲ. ಒಬ್ಬ ನಂಬಿಕಸ್ಥ ಸೈಸ್ ಇಲ್ಲದೆ ಎರಡು ಕುದುರೆ ತರುವುದು ಬೇಡ, ಮೂರನೆಯದರ ಮಾತು ಆಮೇಲೆ.

ಜತೆ ಬಿಡದ ಕುದುರೆಗಳ ರೋಗಕ್ಕೆ ಮದ್ದು ಸ್ಪರ್ಧೆಯ ದಿನ ಸಿಗೋದಿಲ್ಲ, ಮನೆಯಲ್ಲೇ ಶುರುವಾಗಬೇಕು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾದರೆ ಹೆದರುತ್ತದೆ, ಅದು ಹಟ ಅಲ್ಲ. ಅವುಗಳನ್ನು ಬೇರೆ ಬೇರೆ ಕಡೆ ಕಟ್ಟು. ನಡುವೆ ಬೇರೆ ಕುದುರೆ ಇರಲಿ. ಮೊದಲು ಐದು ನಿಮಿಷ ಒಂದನ್ನು ಕಣ್ಮರೆ ಮಾಡು, ಉಳಿದದ್ದಕ್ಕೆ ಹುಲ್ಲು ಹಾಕಿರು. ಹುಲ್ಲು ಮೆಲ್ಲುತ್ತಾ ನಿಂತಿತು ಅಂದರೆ ಆಮೇಲೆ ಹತ್ತು ನಿಮಿಷ, ಅರ್ಧ ಗಂಟೆ, ಹೀಗೆ ಬೆಳೆಸುತ್ತಾ ಹೋಗು. ಕೂಗುವಾಗ ಓಡಿ ಬಂದು ಜತೆಗೂಡಿಸಿದರೆ, ಕೂಗಿದರೆ ಕೆಲಸ ಆಗುತ್ತದೆ ಅಂತ ಅದು ಕಲಿತುಬಿಡುತ್ತದೆ. ಒಂದೆರಡು ಸಣ್ಣ ಸ್ಪರ್ಧೆಗೆ ಆ ಎರಡನೆಯದನ್ನು ಒಂಟಿಯಾಗಿಯೇ ಲಾರಿ ಹತ್ತಿಸು.

ಸ್ಪರ್ಧೆಯಲ್ಲಿ ಯಾವುದು ಮೊದಲು ಅನ್ನೋದೂ ಮುಖ್ಯ. ಎರಡು ಕುದುರೆ ಇದ್ದವರಿಗೆ ಸಾಮಾನ್ಯವಾಗಿ ಒಂದನ್ನು ಪಟ್ಟಿಯ ಶುರುವಿಗೆ, ಇನ್ನೊಂದನ್ನು ಕೊನೆಗೆ ಇಡುತ್ತಾರೆ. ಅನುಭವಿ ಕುದುರೆ ಮೊದಲು ಹೋದರೆ ಕೋರ್ಸ್ ನಿನಗೆ ಅರ್ಥವಾಗಿರುತ್ತದೆ, ಹಸಿ ಕುದುರೆಗೆ ನೀನು ದಾರಿ ತೋರಿಸಬಹುದು. ಮಳೆ ಬಂದರೆ ಲೆಕ್ಕ ತಲೆಕೆಳಗು. ಕೊನೆಗೆ ಹೋಗುವ ಕುದುರೆಗೆ ತುಳಿದು ತುಳಿದು ಕೆಸರಾದ ನೆಲವೇ ಗತಿ. ಇನ್ನೊಂದು ತಪ್ಪು ಎಣಿಕೆ ಇದೆ ಇಲ್ಲಿ. ಮೊದಲನೇ ಕುದುರೆ ಜೋಡಿ ಜಂಪ್ ನಡುವೆ ಎರಡೇ ಹೆಜ್ಜೆಯಲ್ಲಿ ದಾಟಿತು ಅಂತ ಎರಡನೆಯದೂ ಹಾಗೇ ದಾಟುತ್ತದೆ ಅಂದುಕೊಳ್ಳಬಾರದು. ಕ್ಯಾಂಟರ್‌ನಲ್ಲಿ, ಅಂದರೆ ಮಧ್ಯಮ ವೇಗದ ಓಟದಲ್ಲಿ, ಒಂದು ಹೆಜ್ಜೆ ಸುಮಾರು 3.6 ಮೀಟರ್ ಅಂತ ಹಿಡಿಯುತ್ತಾರೆ, ಆದರೆ ಉದ್ದ ಕಾಲಿನದು ಬೇರೆ, ಗಿಡ್ಡದು ಬೇರೆ. ಕೋರ್ಸನ್ನು ಒಂದೊಂದು ಕುದುರೆಗೂ ಬೇರೆಯಾಗಿ ನಡೆದು ನೋಡು.

ಬೇಜಾರಿನ ವಿಷಯಕ್ಕೆ ಬಂದರೆ, ಅದನ್ನು ತಡೆಯೋಕೆ ಆಗೋದಿಲ್ಲ ತಮ್ಮಾ. ಕೈ ಬಿಗಿಯಾಗಿತ್ತು, ಕುದುರೆಗೆ ಗೊತ್ತಾಯಿತು, ಕೋಲು ಬಿತ್ತು, ಅಷ್ಟೇ. ಮುಂದಿನ ಸಲ ಎಲಿಮಿನೇಟ್ ಆದ ಕುದುರೆಯ ಕಾಲನ್ನು ಮೊದಲು ನೀನೇ ತಡವಿ ನೋಡು, ಪೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಸೈಸ್ ಕೈಗೆ ಕೊಡು. ಮತ್ತೆ ಇನ್ನೊಂದನ್ನು ಹತ್ತು. ಏನಾಗಿದೆಯೋ ಅನ್ನುವ ಅಳುಕು ಇಟ್ಟುಕೊಂಡು ಹತ್ತೋದೇ ಜಾಸ್ತಿ ಕೆಡಿಸೋದು.

ಅಕ್ಲೂಜ್ ಬಜಾರಿನಲ್ಲಿ ಕೊಂಡ ಮೂರು ಕುದುರೆ ಮನೆಯಲ್ಲಿವೆ, ಮಾರವಾಡಿ ತಳಿ. ಮದುವೆ ಮೆರವಣಿಗೆಗೆ ಕಳಿಸುತ್ತೇವೆ. ಇವನ್ನು ಈವೆಂಟಿಂಗ್‌ಗೆ ತಯಾರು ಮಾಡಬಹುದೇ?
*ಅಕ್ಕಲಕೋಟೆಯ ಓದುಗರು, ಸೊಲ್ಲಾಪುರ ಜಿಲ್ಲೆ*

ಮಾಡಬಹುದು ಅಣ್ಣ, ಆದರೆ ಮೂರನ್ನೂ ಅಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಎಲ್ಲಕ್ಕಿಂತ ಕೆಳಗಿನ ಒಂದು ಸ್ಟಾರ್ ಸ್ಪರ್ಧೆಯಲ್ಲೇ ಕ್ರಾಸ್ ಕಂಟ್ರಿ ಜಂಪ್ 1.05 ಮೀಟರ್‌ವರೆಗೆ ಇರುತ್ತದೆ, ಐದು ಸ್ಟಾರ್‌ಗೆ 1.20. ನೀವು ಅಷ್ಟು ದೂರ ನೋಡಬೇಡಿ, ಎಂಬತ್ತು ಸೆಂಟಿಮೀಟರ್‌ನ ಸಣ್ಣ ಜಂಪ್‌ಗಳಿಂದ ಶುರು ಮಾಡಿ. ಬ್ಯಾಂಡು, ಪಟಾಕಿ, ಜನ ಎಲ್ಲ ನೋಡಿದ ಕುದುರೆ ಸದ್ದಿಗೆ ಅಂಜೋದಿಲ್ಲ, ಅದೊಂದು ಅನುಕೂಲ. ಪಂಢರಪುರದ ವಾರಿ ಯಾತ್ರೆಯಲ್ಲಿ ರಿಂಗಣಕ್ಕೆ, ಅಂದರೆ ಜನರ ನಡುವೆ ಸುತ್ತು ಹಾಕುವ ಓಟಕ್ಕೆ, ಇಳಿಯುವ ಕುದುರೆಗಳನ್ನು ನೀವು ನೋಡಿಯೇ ಇರುತ್ತೀರಿ, ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಆಳಂದಿಗೆ ಹೋಗುವವು ಲಕ್ಷ ಜನರ ನಡುವೆ ಹೇಗೆ ಓಡುತ್ತವೆ! ಆದರೆ ಕುಣಿಯಲು ಕಲಿಸಿದ ಕುದುರೆ ಡ್ರೆಸ್ಸಾಜ್‌ಗೆ ಕಷ್ಟ. ಲಗಾಮು ಮುಟ್ಟಿದರೆ ಕಾಲೆತ್ತುವ ಅಭ್ಯಾಸ ಬಿಡಿಸೋದು ಬೇಗ ಆಗುವ ಕೆಲಸ ಅಲ್ಲ. ಮೂರರಲ್ಲಿ ಕುಣಿಯಲು ಕಲಿಯದ ಒಂದನ್ನು ಆರಿಸಿ, ಮೊದಲು ವೆಟ್ ಕೈಲಿ ಕಾಲು ತೋರಿಸಿ. ಅದನ್ನು ಮತ್ತೆ ಮೆರವಣಿಗೆಗೆ ಕಳಿಸಬೇಡಿ. ಉಳಿದೆರಡು ದುಡಿಯಲಿ.

ಒಬ್ಬನೇ ರೈಡರ್ ಒಂದೇ ಸ್ಪರ್ಧೆಯಲ್ಲಿ ಎರಡು ಕುದುರೆ ಓಡಿಸಿ ಮೊದಲ, ಎರಡನೇ ಬಹುಮಾನ ಎರಡನ್ನೂ ಹೊಡೆಯಬಹುದೇ?
*ರಾಯದುರ್ಗದ ವಿದ್ಯಾರ್ಥಿ*

ಹೊಡೆಯಬಹುದು. ಅಂಕ ಸಿಗೋದು ರೈಡರ್ ಮತ್ತು ಕುದುರೆಯ ಜೋಡಿಗೆ, ಹಾಗಾಗಿ ಎರಡು ಜೋಡಿಗೂ ಬೇರೆ ಬೇರೆ ಲೆಕ್ಕ. ಬೇರೆ ಬೇರೆ ಸ್ಪರ್ಧೆಗೆ ಬೇರೆ ಬೇರೆ ಕುದುರೆ ಇಳಿಸಿ ಗೆದ್ದವರೂ ಇದ್ದಾರೆ. ಜರ್ಮನಿಯ ಮೈಕೆಲ್ ಯುಂಗ್ 2015ರಲ್ಲಿ ಇಂಗ್ಲೆಂಡಿನ ಬರ್ಲಿ, 2016ರಲ್ಲಿ ಅಮೆರಿಕದ ಕೆಂಟಕಿ ಮತ್ತು ಇಂಗ್ಲೆಂಡಿನ ಬ್ಯಾಡ್ಮಿಂಟನ್ ಊರಿನ ಈವೆಂಟಿಂಗ್ ಸ್ಪರ್ಧೆ ಗೆದ್ದು, ಈ ಮೂರೂ ಸೇರಿದ ಗ್ರ್ಯಾಂಡ್ ಸ್ಲಾಮ್ ಮುಗಿಸಿದರು. ಬರ್ಲಿಗೂ ಬ್ಯಾಡ್ಮಿಂಟನ್‌ಗೂ ಸ್ಯಾಮ್, ಕೆಂಟಕಿಗೆ ರೊಕಾನಾ ಎಂಬ ಹೆಣ್ಣು ಕುದುರೆ. ಅವರಿಗಿಂತ ಮೊದಲು 2003ರಲ್ಲಿ ಇಂಗ್ಲೆಂಡಿನ ಪಿಪ್ಪಾ ಫನೆಲ್ ಕೂಡ ಅದೇ ಗ್ರ್ಯಾಂಡ್ ಸ್ಲಾಮನ್ನು ಎರಡು ಕುದುರೆಗಳಲ್ಲೇ ಗೆದ್ದಿದ್ದರು.