ಸುಸ್ತಿಗೆ ವಿಟಮಿನ್ ಡ್ರಿಪ್ ಹಾಕಿಸಿಕೊಳ್ಳಬಹುದೇ?

ಕೆಲವು ತಿಂಗಳಿಂದ ಸುಸ್ತು, ವೆಲ್‌ನೆಸ್ ಸೆಂಟರಿನವರು ವಿಟಮಿನ್ ಡ್ರಿಪ್ ಪ್ಯಾಕೇಜ್ ಹೇಳಿದ್ದಾರೆ, ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀರಿ. ನಾನು ಸ್ಟಾಫ್ ನರ್ಸ್, ದಿನಾ ಡ್ರಿಪ್ ಹಾಕೋದೇ ಕೆಲಸ. ದುಡ್ಡು ಕಟ್ಟಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ.

"ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ ಸಿಸ್ಟರ್, ಮೈಯಲ್ಲಿ ಶಕ್ತೀನೇ ಇಲ್ಲ" ಅನ್ನೋರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ. ಅರ್ಧ ಲೀಟರಿನ ಆ ಬಾಟ್ಲಿಯಲ್ಲಿರೋದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲರಿ. ಎರಡು ಬಾಳೆಹಣ್ಣಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತೆ. ಈಗ ಬಾಟ್ಲಿಗೆ ವಿಟಮಿನ್ ಸೇರಿದೆ, ಮಂಚದ ಬದಲು ಸೋಫಾ ಬಂದಿದೆ, ಬಿಲ್ಲೂ ದೊಡ್ಡದಾಗಿದೆ.

ಇವುಗಳಲ್ಲಿ ಹೆಸರುವಾಸಿಯಾದದ್ದು 'ಮೈಯರ್ಸ್ ಕಾಕ್‌ಟೇಲ್'. ಅಮೆರಿಕದ ಬಾಲ್ಟಿಮೋರ್‌ನ ಡಾ. ಜಾನ್ ಮೈಯರ್ಸ್ ಕೊಡುತ್ತಿದ್ದ ಮಿಶ್ರಣ: ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ವಿಟಮಿನ್‌ಗಳು, ವಿಟಮಿನ್ ಸಿ. 2009ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಫೈಬ್ರೊಮಯಾಲ್ಜಿಯಾ (ಮೈತುಂಬ ನೋವು, ಸುಸ್ತು ಬಹುಕಾಲ ಕಾಡುವ ಕಾಯಿಲೆ) ಇರುವವರಿಗೆ ಇದನ್ನು ಕೊಟ್ಟು ನೋಡಿದರು. ನೋವು ಕಡಿಮೆಯಾಯಿತು, ನಿಜ. ಆದರೆ ವಿಟಮಿನ್ನೇ ಇಲ್ಲದ ಬರೀ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್, ಲವಣ ಬೆರೆತ ನೀರಿನ ಡ್ರಿಪ್) ಹಾಕಿಸಿಕೊಂಡವರಿಗೂ ಕಡಿಮೆಯಾಯಿತು! ಎರಡರ ನಡುವೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಕಾಣಲಿಲ್ಲ. ಡ್ರಿಪ್ ಮುಗಿದ ಮೇಲೆ ಹಾಯೆನಿಸಿದರೆ ಅದರಲ್ಲಿ ನೀರಿನ ಪಾಲೆಷ್ಟು, ಮಲಗಿದ್ದರ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ಆಮೇಲೆ ಮೂತ್ರ ಕಡು ಹಳದಿಯಾಗುತ್ತಲ್ಲ, ಅದು ಮೈಗೆ ಬೇಡವಾಗಿ ಹೊರಗೆ ಹೋಗುವ ವಿಟಮಿನ್ ಬಿ2.

ಡ್ರಿಪ್ಪೇ ಬೇಡ ಅಂತಲ್ಲ. ಕಬ್ಬಿಣದ ಮಾತ್ರೆ ಆಗದವರಿಗೆ ನಾವೇ ಐರನ್ ಡ್ರಿಪ್ ಹಾಕ್ತೀವಿ. ಬಿ12 ತೀರಾ ಕಡಿಮೆಯಿದ್ದರೆ ಇಂಜೆಕ್ಷನ್ ಬೇಕಾಗುತ್ತೆ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ (ಶುಗರ್ ಕಾಯಿಲೆಯ ಮಾತ್ರೆ) ನುಂಗುವವರಲ್ಲಿ ಈ ಕೊರತೆ ಸಾಮಾನ್ಯ. ಬಿ12 ಇಂಜೆಕ್ಷನ್ ಮಾಂಸಖಂಡಕ್ಕೆ ಚುಚ್ಚಿದರೆ ಸಾಕು, ಬಾಟ್ಲಿ ಬೇಕಿಲ್ಲ. ಹಾಗಾಗಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಥೈರಾಯ್ಡ್, ಶುಗರ್ ಇಷ್ಟನ್ನು ನೋಡಿಸಿ, ರಿಪೋರ್ಟ್ ಹಿಡಿದು ಜನರಲ್ ಫಿಸಿಷಿಯನ್ ಹತ್ತಿರ ಹೋಗಿ. ಸರಿಯಾಗಿ ನಿದ್ದೆ ಬರ್ತಿದೆಯಾ ಅನ್ನೋದನ್ನೂ ಹೇಳಿ.

ಕಿಡ್ನಿ ತೊಂದರೆ ಇದ್ದರೆ ಅಥವಾ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿದ್ದರೆ ದೊಡ್ಡ ಡೋಸಿನ ವಿಟಮಿನ್ ಸಿ ಹತ್ತಿರ ಹೋಗಬೇಡಿ, ಅದು ಮೈಯಲ್ಲಿ ಆಕ್ಸಲೇಟ್ ಆಗುತ್ತೆ, ಕಿಡ್ನಿ ಕಲ್ಲು ಕಟ್ಟೋದು ಹೆಚ್ಚಾಗಿ ಅದರಿಂದಲೇ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಹುಟ್ಟಿನಿಂದಲೇ ಕೊರತೆ ಇರುವವರಲ್ಲಿ ಅದೇ ಡೋಸಿಗೆ ಕೆಂಪು ರಕ್ತಕಣಗಳು ಒಡೆಯಬಹುದು. ಮೆಗ್ನೀಸಿಯಂ ಬೇಗ ಬಿಟ್ಟರೆ ಮೈ ಬಿಸಿಯಾಗಿ ಬಿಪಿ ಇಳಿಯುತ್ತೆ. ಥಯಾಮಿನ್‌ಗೆ (ವಿಟಮಿನ್ ಬಿ1) ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುವುದುಂಟು.

ಇಷ್ಟಾದ ಮೇಲೂ ಹಾಕಿಸಿಕೊಳ್ಳಲೇಬೇಕು ಅನಿಸಿದರೆ, ಡಾಕ್ಟರ್ ಅಲ್ಲೇ ಇರ್ತಾರಾ, ತೀವ್ರ ಅಲರ್ಜಿಯಾದರೆ ತಕ್ಷಣ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆಟಕುವಂತೆ ಇಟ್ಟಿದ್ದಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.