ಹಳೆಯ ಕನ್ನಡ ನಟ-ನಟಿಯರ ಬದುಕಿನ ಬಗ್ಗೆ ನಂಬಬಹುದಾದ ಪುಸ್ತಕ ಯಾವುದು?

ಅಪ್ಪನಿಗೆ ಎಪ್ಪತ್ತು ತುಂಬುತ್ತಿದೆ, ಹಳೆಯ ಕನ್ನಡ ತಾರೆಯರ ಬಗ್ಗೆ ಒಂದು ಪುಸ್ತಕ ಕೊಡಿಸಬೇಕು, ವಿವರಗಳು ಸರಿಯಾಗಿರಬೇಕು ಅಂತ ಕೇಳಿದ್ದೀರಿ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಇಂಥವನ್ನೇ ಹುಡುಕಿ ಹುಡುಕಿ ಮನೆಯಲ್ಲಿ ಬೈಸಿಕೊಂಡವನು ನಾನು. ಹಾಗಾಗಿ ಹೇಳುತ್ತೇನೆ.

ಅಪ್ಪ ರಾಜ್‌ಕುಮಾರ್ ಅಭಿಮಾನಿಯಾದರೆ ಜಾಸ್ತಿ ಯೋಚಿಸಬೇಡಿ. ದೊಡ್ಡಹುಲ್ಲೂರು ರುಕ್ಕೋಜಿ ಅವರ ‘ಡಾ. ರಾಜ್‌ಕುಮಾರ್ ಸಮಗ್ರ ಚರಿತ್ರೆ’ ತನ್ನಿ. ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕ ಅಂತ 63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪಡೆದದ್ದು. ಎರಡು ದಪ್ಪ ಸಂಪುಟ. ಮಲಗಿಕೊಂಡು ಎದೆ ಮೇಲಿಟ್ಟು ಓದುವ ಪುಸ್ತಕವಲ್ಲ, ಮೇಜು ಬೇಕು.

ಬೇರೆ ಯಾವುದೇ ಪುಸ್ತಕ ಕೊಳ್ಳುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಇದನ್ನು ಕಲಿಸಿದ್ದು ನಮ್ಮ ಸೋದರಮಾವ. ಒಮ್ಮೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ರಾಜ್ ಅವರ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’ ಅಂದೆ. ಮಾವ ಅನ್ನ ಕಲೆಸುವುದು ನಿಲ್ಲಿಸಿ, “ಅಲ್ಲ ಕಣೋ, ‘ಶ್ರೀನಿವಾಸ ಕಲ್ಯಾಣ’ ಬಿಟ್ಟೆಯಲ್ಲ” ಅಂದರು. ಹೋಳಿಗೆ ಬರುವವರೆಗೂ ಜಗಳ. ಮನೆಗೆ ಬಂದು ನೋಡಿದರೆ ಮಾವನ ಮಾತೇ ನಿಜ. 1952ರ ಆ ಚಿತ್ರದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ರಾಜ್ ಇದ್ದಾರೆ. ಇನ್ನೂ ಹಿಂದೆ, 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಹುಡುಗನಾಗಿ ಕಾಣಿಸಿಕೊಂಡದ್ದೂ ಇದೆ. ಮುತ್ತುರಾಜು ನಾಯಕನಾದದ್ದು, ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರಿಂದ ರಾಜ್‌ಕುಮಾರ್ ಅನ್ನೋ ಹೆಸರು ಪಡೆದದ್ದು ‘ಕಣ್ಣಪ್ಪ’ನಿಂದ. ಅವರ ಒಟ್ಟು ಚಿತ್ರ ಒಂದು ಪುಸ್ತಕದಲ್ಲಿ 205, ಇನ್ನೊಂದರಲ್ಲಿ 206, ಮತ್ತೊಂದರಲ್ಲಿ 208 ಅಂತ ಇರುವುದೂ ಸುಮ್ನೆ ಅಲ್ಲ. ಇಂಥ ಸಣ್ಣ ಪಾತ್ರಗಳನ್ನು ಒಬ್ಬರು ಲೆಕ್ಕಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಅದಕ್ಕೇ ಈಗ ಅಂಗಡಿಯಲ್ಲಿ ನಿಂತೇ ಪುಟ ತಿರುವುತ್ತೇನೆ. ‘ಮೊದಲ ಚಿತ್ರ’ ಅಂತ ಬರೆದು ಮುಗಿಸಿದ್ದಾರೋ, ‘ನಾಯಕನಾಗಿ ಮೊದಲ ಚಿತ್ರ’ ಅಂತ ಬರೆದಿದ್ದಾರೋ? ಆ ಒಂದು ಪದ ಇದ್ದರೆ ಲೇಖಕರು ಮೈ ಬಗ್ಗಿಸಿ ಕೆಲಸ ಮಾಡಿದ್ದಾರೆ ಅಂತ ಅರ್ಥ. ಹುಟ್ಟೂರು ಗಾಜನೂರೋ ಸಿಂಗಾನಲ್ಲೂರೋ ಅನ್ನುವಲ್ಲೂ ಇದೇ ಪರೀಕ್ಷೆ ನಡೆಯುತ್ತದೆ.

ನಟಿಯರ ಬಗ್ಗೆ ಪುಸ್ತಕ ಕಡಿಮೆ, ಇರುವುದರಲ್ಲೂ ಗಾಸಿಪ್ ಜಾಸ್ತಿ. ಕಲ್ಪನಾ 1979ರಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳಿಗೆ ಎಷ್ಟು ಪುಟ, ‘ಶರಪಂಜರ’ದ ನಟನೆಗೆ ಎಷ್ಟು ಪುಟ ಅಂತ ಎಣಿಸಿ ನೋಡಿ. ನಾನು ಎಣಿಸಿ, ಎರಡು ಪುಸ್ತಕ ವಾಪಸ್ ಇಟ್ಟು ಬಂದಿದ್ದೇನೆ. ಧಾರವಾಡದಲ್ಲಿ ಹುಟ್ಟಿದ, ಹಿಂದಿ ಚಿತ್ರಗಳ ನಟಿ ಲೀಲಾ ಚಿಟ್ನಿಸ್ ತಮ್ಮ ಕಥೆ ತಾವೇ ಬರೆದರು, ಆದರೆ ಮರಾಠಿಯಲ್ಲಿ.

ಇಸವಿ, ಚಿತ್ರಗಳ ಪಟ್ಟಿ ಬೇಕಾದಾಗ ನಾನು ತೆಗೆಯುವುದು ಆಶಿಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲ್ಮನ್ ಅವರ ‘ಎನ್‌ಸೈಕ್ಲೋಪೀಡಿಯಾ ಆಫ್ ಇಂಡಿಯನ್ ಸಿನಿಮಾ’. 1994ರದ್ದು, 1999ರಲ್ಲಿ ಪರಿಷ್ಕರಿಸಿದ್ದಾರೆ. ಕಲಾವಿದರ ಪರಿಚಯ ಅಕ್ಷರ ಕ್ರಮದಲ್ಲಿ, ಚಿತ್ರಗಳು ಇಸವಿ ಕ್ರಮದಲ್ಲಿ. ಇಂಗ್ಲಿಷ್‌ನಲ್ಲಿದೆ, ಕಥೆಯ ರುಚಿ ಇಲ್ಲ. ಅಪ್ಪನಿಗಿಂತ ನಿಮಗೇ ಉಪಯೋಗ.

ರುಚಿ ಬೇಕಾದರೆ ಗುಬ್ಬಿ ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’. ಇಸವಿ ನೋಡೋಕೆ ಅಲ್ಲ, ನಾಟಕ ಕಂಪನಿಯ ಬದುಕು ತಿಳಿಯೋಕೆ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯಲ್ಲಿ ಇದ್ದವರೇ ಅಲ್ವಾ? ಶಂಕರ್‌ನಾಗ್ ಇಷ್ಟವಾದರೆ ಅನಂತ್‌ನಾಗ್ ಬರೆದ ‘ನನ್ನ ತಮ್ಮ ಶಂಕರ’ ಇದೆ. ಅಣ್ಣ ಬರೆದದ್ದು, ಅದೇ ಅದರ ಶಕ್ತಿ, ಅದೇ ಅದರ ಮಿತಿ.

ಅಪ್ಪನ ಮೆಚ್ಚಿನ ನಟ ಯಾರು ಅಂತ ನೀವು ಬರೆದಿಲ್ಲ. ಬರೆದರೆ ಇನ್ನಷ್ಟು ಹುಡುಕಿ ಹೇಳುತ್ತೇನೆ. ರುಕ್ಕೋಜಿಯವರ ಮೊದಲ ಸಂಪುಟದಲ್ಲಿ ಏನಾದರೂ ನೋಡಿ ಹೇಳಿ ಅಂದರೆ ಮಾತ್ರ ಸ್ವಲ್ಪ ತಡವಾಗುತ್ತದೆ. ಅದು ಮಾವನ ಮನೆಯಲ್ಲಿದೆ, ಕೇಳಿದಾಗಲೆಲ್ಲ “ಇನ್ನೂ ಮುಗಿದಿಲ್ಲ” ಅನ್ನುತ್ತಾರೆ.